ವೇದಿಕೆ ಮೇಲೆ ಬೆಂಕಿ ಹಾರಿಸಲು ಪರ್ಮಿಷನ್ ಯಾಕೆ? ನೂರು ಜನ ಸತ್ತ ಒಂದು ರಾತ್ರಿಯ ಕಥೆ

ಮದುವೆ ಹಾಲ್‌ನಲ್ಲಿ ಹುಡುಗ-ಹುಡುಗಿ ಒಳಗೆ ಬರುವಾಗ ಎರಡೂ ಕಡೆ ಬೆಂಕಿಯ ಕಾರಂಜಿ ಹಾರುವುದನ್ನು ನೀವೂ ನೋಡಿರುತ್ತೀರಿ. ಜಾತ್ರೆಯ ಆರ್ಕೆಸ್ಟ್ರಾ ವೇದಿಕೆಗೂ ಅದು ಬಂದಿದೆ. ಎಲ್ಲರೂ ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಾರೆ. ಇದಕ್ಕೆ ಪರ್ಮಿಷನ್ ತಗೊಂಡಿದ್ದೀರಾ ಎಂದು ಕೇಳಿದವರನ್ನು ಮಾತ್ರ ಶುಭಕಾರ್ಯದಲ್ಲಿ ಅಪಶಕುನ ನುಡಿದವರಂತೆ ನೋಡುತ್ತಾರೆ.

ಆ ಪ್ರಶ್ನೆಯನ್ನು ಯಾರೂ ಕೇಳದೆ ಹೋದ ಒಂದು ರಾತ್ರಿಯ ಕಥೆ ಇದು. ಅಮೆರಿಕದ್ದು, ಆದರೆ ನಮಗೂ ಬೇಕಾದದ್ದು.

2003ರ ಫೆಬ್ರವರಿ 20

ರೋಡ್ ಐಲೆಂಡ್ ಅಮೆರಿಕದ ಅತಿ ಚಿಕ್ಕ ರಾಜ್ಯ. ಅಲ್ಲಿನ ವೆಸ್ಟ್ ವಾರ್ವಿಕ್ ಎಂಬ ಊರಿನಲ್ಲಿ ‘ದಿ ಸ್ಟೇಷನ್’ ಅನ್ನುವ ಕ್ಲಬ್ ಇತ್ತು. ಒಂದೇ ಅಂತಸ್ತಿನ, ಮರದ ಹಳೇ ಕಟ್ಟಡ. ಲೈಸೆನ್ಸ್ ಪ್ರಕಾರ ಒಳಗೆ ಹೆಚ್ಚೆಂದರೆ 404 ಜನ ಇರಬಹುದಿತ್ತು. ಆ ರಾತ್ರಿ ಇದ್ದವರು ಸುಮಾರು 460. ಹಾಡಲು ಬಂದಿದ್ದದ್ದು ‘ಗ್ರೇಟ್ ವೈಟ್’ ಎಂಬ ಬ್ಯಾಂಡ್.

ರಾತ್ರಿ ಹನ್ನೊಂದು ದಾಟಿತ್ತು. ಮೊದಲ ಹಾಡು ಶುರುವಾಗುತ್ತಿದ್ದಂತೆ ಬ್ಯಾಂಡಿನ ಮ್ಯಾನೇಜರ್ ವೇದಿಕೆಯ ಹಿಂಭಾಗದಲ್ಲಿದ್ದ ಸಿಡಿಮದ್ದಿಗೆ ಬೆಂಕಿ ಕೊಟ್ಟ. ನಮ್ಮ ದೀಪಾವಳಿಯ ಹೂಕುಂಡದ ಥರದ್ದೇ. ಕಿಡಿ ಹಾರುವ ಎತ್ತರ 15 ಅಡಿ, ಉರಿಯುವ ಹೊತ್ತು 15 ಸೆಕೆಂಡು.

ವೇದಿಕೆಯ ಗೋಡೆಗೆ ಫೋಮ್ ಅಂಟಿಸಿದ್ದರು. ಗಲಾಟೆ ಜಾಸ್ತಿ ಎಂದು ಅಕ್ಕಪಕ್ಕದವರು ದೂರಿದ್ದರಿಂದ ಸದ್ದು ತಡೆಯಲು ಮಾಲೀಕರು ಹಾಕಿಸಿದ್ದು. ಕಿಡಿ ಅದಕ್ಕೆ ತಾಗಿತು. ಜನ ಮೊದಲು ಇದೂ ಆಟದ ಭಾಗ ಅಂದುಕೊಂಡರು. ಅದು ಆಟವಲ್ಲ ಎಂದು ತಿಳಿಯುವಷ್ಟರಲ್ಲಿ ಕಪ್ಪು ಹೊಗೆ ಚಾವಣಿ ತುಂಬಿತ್ತು.

ಕಟ್ಟಡಕ್ಕೆ ನಾಲ್ಕು ಬಾಗಿಲು ಇದ್ದವು. ಆದರೆ ಹೆಚ್ಚಿನವರು ಓಡಿದ್ದು ತಾವು ಒಳಗೆ ಬಂದಿದ್ದ ಮುಂಬಾಗಿಲಿಗೆ. ಎರಡು ನಿಮಿಷ ಆಗುವ ಮೊದಲೇ ಅಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ದಾರಿ ಮುಚ್ಚಿಹೋಯಿತು. ಒಟ್ಟು 100 ಜನ ಸತ್ತರು. ಗಾಯಗೊಂಡವರು ಇನ್ನೂರಕ್ಕೂ ಹೆಚ್ಚು. ಬ್ಯಾಂಡಿನ ಗಿಟಾರ್ ವಾದಕ ಟೈ ಲಾಂಗ್ಲಿ ಕೂಡ ಉಳಿಯಲಿಲ್ಲ.

ಇಷ್ಟೂ ವಿಡಿಯೋದಲ್ಲಿದೆ. ಮೂರು ದಿನ ಮೊದಲು ಶಿಕಾಗೋದ ಕ್ಲಬ್ ಒಂದರಲ್ಲಿ ನೂಕುನುಗ್ಗಲಿಗೆ 21 ಜನ ಸತ್ತಿದ್ದರು. ಹಾಗಾಗಿ ಕ್ಲಬ್‌ಗಳ ಸುರಕ್ಷತೆಯ ಬಗ್ಗೆ ವರದಿ ಮಾಡಲು ಸ್ಥಳೀಯ ಟಿವಿಯ ಕ್ಯಾಮೆರಾದವರು ಆ ರಾತ್ರಿ ಅಲ್ಲೇ ಇದ್ದರು.

ಕಾನೂನು ಇರಲಿಲ್ಲವೇ?

ಇತ್ತು. ಒಳಾಂಗಣದಲ್ಲಿ ಸಿಡಿಮದ್ದು ಹಚ್ಚಲು ಅಗ್ನಿಶಾಮಕ ಅಧಿಕಾರಿಯಿಂದ ಮೊದಲೇ ಪರ್ಮಿಷನ್ ಪಡೆಯಬೇಕೆಂದು ಆ ರಾಜ್ಯದಲ್ಲಿ ನಿಯಮವಿತ್ತು. ಜನರ ಹತ್ತಿರ ಸಿಡಿಮದ್ದು ಬಳಸುವುದಕ್ಕೆಂದೇ ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ‘1126’ ಎಂಬ ಮಾನದಂಡ ಮಾಡಿತ್ತು. ಜನರಿಂದ ಕನಿಷ್ಠ 15 ಅಡಿ ದೂರ ಇರಬೇಕು. ಕಿಡಿ ಬೀಳುವ ಸುತ್ತಳತೆ ದೊಡ್ಡದಿದ್ದರೆ ದೂರವೂ ಹೆಚ್ಚಬೇಕು. ಎಲ್ಲಿ, ಏನು, ಎಷ್ಟು ಹಚ್ಚುತ್ತೀರಿ ಎಂದು ನಕ್ಷೆ ಸಮೇತ ಬರೆದುಕೊಡಬೇಕು.

ಆ ರಾತ್ರಿ ಯಾರ ಕೈಯಲ್ಲೂ ಅಂಥ ಕಾಗದ ಇರಲಿಲ್ಲ. ಮಾಲೀಕರು ಒಪ್ಪಿದ್ದರು ಎಂದು ಬ್ಯಾಂಡಿನವರು ಹೇಳಿದರು. ನಮ್ಮನ್ನು ಕೇಳಲೇ ಇಲ್ಲ ಎಂದು ಮಾಲೀಕರು ಹೇಳಿದರು. ಹೂಂ ಅಂದಿದ್ದರೋ ಇಲ್ಲವೋ, ಪರ್ಮಿಷನ್ ಕೊಡುವ ಅಧಿಕಾರ ಮಾಲೀಕರಿಗೆ ಇರಲೇ ಇಲ್ಲ.

ಅರ್ಜಿ ಹಾಕಿದ್ದರೆ ಏನಾಗುತ್ತಿತ್ತು? ಅಧಿಕಾರಿ ಬಂದು, ಕಿಡಿ ಎಲ್ಲಿ ಬೀಳುತ್ತದೆ, ಹಿಂದೆ ಏನಿದೆ ಎಂದು ನೋಡಬೇಕಾಗುತ್ತಿತ್ತು. ಪರ್ಮಿಷನ್ ಎಂದರೆ ಅಷ್ಟೇ. ಬೆಂಕಿ ಹಚ್ಚುವ ಮೊದಲು ಹೊರಗಿನವರೊಬ್ಬರು ಬಂದು ಗೋಡೆ ನೋಡುವುದು.

ಹಾಗೆಂದು ತಪ್ಪನ್ನೆಲ್ಲ ಕ್ಲಬ್ಬಿನ ಮೇಲೆ ಹಾಕಿ ಸುಮ್ಮನಾಗುವಂತಿಲ್ಲ. ಫೋಮ್ ಅಂಟಿಸಿದ ಮೇಲೂ ಅಲ್ಲಿ ತಪಾಸಣೆ ನಡೆದಿತ್ತು. ಒಳಮುಖವಾಗಿ ತೆರೆಯುವ ಬಾಗಿಲಿನ ಬಗ್ಗೆ ಬರೆದ ಅಧಿಕಾರಿ ಫೋಮ್ ಬಗ್ಗೆ ಬರೆಯಲಿಲ್ಲ. ಮ್ಯಾನೇಜರ್ ಮತ್ತು ಒಬ್ಬ ಮಾಲೀಕ ಜೈಲಿಗೆ ಹೋದರು. ಅಧಿಕಾರಿಗಳ ಮೇಲೆ ಕ್ರಿಮಿನಲ್ ಕೇಸ್ ಆಗಲಿಲ್ಲ. ಸತ್ತವರ ಮನೆಯವರಲ್ಲಿ ಅನೇಕರಿಗೆ ಆ ನೋವು ಉಳಿದೇ ಹೋಯಿತು.

ಆಮೇಲೆ ಬದಲಾದದ್ದು

ಸರ್ಕಾರಿ ಸಂಶೋಧಕರು ವೇದಿಕೆಯ ಭಾಗವನ್ನು ಮತ್ತೆ ಕಟ್ಟಿ, ಸುಟ್ಟು ನೋಡಿದರು. ಒಂದೂವರೆ ನಿಮಿಷದಲ್ಲಿ ಅಲ್ಲಿ ಮನುಷ್ಯ ಬದುಕುವ ಸ್ಥಿತಿ ಇರಲಿಲ್ಲ. ಚಾವಣಿಯಿಂದ ತಾನಾಗಿಯೇ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇದ್ದಾಗ ಬೆಂಕಿ ಹತೋಟಿಗೆ ಬಂತು. ಕ್ಲಬ್‌ನಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ.

ಅದೇ ವರ್ಷ ರೋಡ್ ಐಲೆಂಡ್ ಹೊಸ ಕಾನೂನು ತಂದಿತು. ಹಳೇ ಕಟ್ಟಡಗಳಿಗಿದ್ದ ರಿಯಾಯಿತಿ ಹೋಯಿತು. ದೊಡ್ಡ ಸಭಾಂಗಣಗಳನ್ನು ಬಿಟ್ಟು ಉಳಿದೆಡೆ ಒಳಗೆ ಸಿಡಿಮದ್ದು ಹಚ್ಚುವುದು ನಿಂತಿತು.

ಬೇರೆ ದೇಶಗಳು ಇದರಿಂದ ಕಲಿಯಲಿಲ್ಲ. 2013ರಲ್ಲಿ ಬ್ರೆಜಿಲ್‌ನ ‘ಕಿಸ್’ ಕ್ಲಬ್‌ನಲ್ಲಿ ಬಯಲಲ್ಲಿ ಹಚ್ಚುವ ಮದ್ದನ್ನು ಒಳಗೆ ಹಚ್ಚಿದರು. ಚಾವಣಿಯ ಫೋಮ್ ಹೊತ್ತಿ 242 ಜನ ಸತ್ತರು. 2015ರಲ್ಲಿ ರೊಮೇನಿಯಾದ ‘ಕೊಲೆಕ್ಟಿವ್’ ಕ್ಲಬ್‌ನಲ್ಲಿ ಅದೇ ಕಿಡಿ, ಅದೇ ಫೋಮ್. ಸತ್ತವರು 64. ಜನ ಬೀದಿಗಿಳಿದರು, ಪ್ರಧಾನಿ ರಾಜೀನಾಮೆ ಕೊಟ್ಟರು.

ನಮ್ಮ ಕಡೆ

ನಮ್ಮಲ್ಲೂ 1884ರ ಸ್ಫೋಟಕ ಕಾಯ್ದೆ ಇದೆ, 2008ರ ನಿಯಮಗಳಿವೆ. 2016ರ ಏಪ್ರಿಲ್‌ನಲ್ಲಿ ಕೇರಳದ ಪುಟ್ಟಿಂಗಲ್ ದೇವಸ್ಥಾನದಲ್ಲಿ ಬಾಣಬಿರುಸಿನ ಸ್ಪರ್ಧೆಗೆ ಜಿಲ್ಲಾಡಳಿತ ಪರ್ಮಿಷನ್ ಕೊಟ್ಟಿರಲಿಲ್ಲ. ಆದರೂ ನಡೆಯಿತು. ನೂರಕ್ಕೂ ಹೆಚ್ಚು ಜನ ಹೋದರು.

ನಮ್ಮೂರ ವೇದಿಕೆಯಲ್ಲಿ ಆ ಫೋಮ್ ಇರಲಿಕ್ಕಿಲ್ಲ. ಆದರೆ ಶಾಮಿಯಾನ ಬಟ್ಟೆ, ಥರ್ಮಾಕೋಲ್, ಪ್ಲಾಸ್ಟಿಕ್ ಹೂವು, ಒಣಗಿದ ತೆಂಗಿನ ಗರಿ ಇವೆ. ಇದು ಕೋಲ್ಡ್ ಪೈರೋ ಸಾರ್, ಸುಡಲ್ಲ ಎಂದು ಈವೆಂಟಿನವರು ಹೇಳುತ್ತಾರೆ. ಅದರಲ್ಲೂ ಹಾರುವುದು ಕಾದ ಲೋಹದ ಪುಡಿಯೇ.

ಹಾಗಾಗಿ ಜಾತ್ರೆ ಕಮಿಟಿಯಲ್ಲಿರುವವರು, ಮದುವೆ ಮನೆಯವರು ನಾಲ್ಕು ಮಾತು ಕೇಳಿ:

1. ಪೊಲೀಸ್ ಮತ್ತು ಅಗ್ನಿಶಾಮಕ ಠಾಣೆಗೆ ತಿಳಿಸಿದ್ದೀರಾ? ಕಾಗದ ತೋರಿಸಿ.
2. ಕಿಡಿ ಬೀಳುವ ಕಡೆ, ಮೇಲೆ, ಹಿಂದೆ ಏನಿದೆ?
3. ಜನ ಎಷ್ಟು, ಹೊರಗೆ ಹೋಗುವ ದಾರಿ ಎಷ್ಟು? ಕುರ್ಚಿ, ಸೌಂಡ್ ಬಾಕ್ಸ್ ಅಡ್ಡ ಇಟ್ಟಿದ್ದೀರಾ?
4. ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ? ಅದನ್ನು ಬಳಸಲು ಬರುವವರು ಯಾರು?

ಉತ್ತರ ಸರಿ ಬರದಿದ್ದರೆ ಬೆಂಕಿ ಬೇಡ ಎನ್ನಿ. ಹಾಡು, ಊಟ, ಮದುವೆ ಎಲ್ಲ ಅದಿಲ್ಲದೆಯೂ ನಡೆಯುತ್ತವೆ. ಸ್ಟೇಷನ್ ಕ್ಲಬ್ ಇದ್ದ ಜಾಗದಲ್ಲಿ ಈಗ ಸ್ಮಾರಕ ಉದ್ಯಾನ ಇದೆ. ಅಲ್ಲಿ ನೂರು ಜನರ ಹೆಸರು ಕೆತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಆ ರಾತ್ರಿ ಹಾಡು ಕೇಳಲು ಬಂದಿದ್ದವರು.