ಪನೀರ್ ಮಾಡಿದ ಮೇಲೆ ಉಳಿಯುವ ನೀರು ಹಸುವಿಗೆ ಆಹಾರ ಆಗುತ್ತಾ? ಹಾಲೊಡಕಿನ ಬಗ್ಗೆ ಇಲ್ಲಿದೆ ಮಾಹಿತಿ

ಮನೆಯಲ್ಲಿ ಪನೀರ್ ಮಾಡಿದವರಿಗೆ ಗೊತ್ತು, ಬಟ್ಟೆಯಲ್ಲಿ ಉಳಿಯುವುದು ಸ್ವಲ್ಪ, ಕೆಳಗೆ ಸೋರುವ ತಿಳಿ ಹಳದಿ ನೀರೇ ಜಾಸ್ತಿ. ಇದೇ ಹಾಲೊಡಕು ಅಥವಾ ವೇ. ಒಂದು ಕೆಜಿ ಚೀಸ್‌ಗೆ ಸುಮಾರು 10 ಲೀಟರ್ ಹಾಲು ಬೇಕು, ಅದರಲ್ಲಿ ಸುಮಾರು 9 ಲೀಟರ್ ಹಾಲೊಡಕಾಗಿಯೇ ಹೊರಬರುತ್ತದೆ. ಕೆರೆ, ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕ ಖಾಲಿಯಾಗಿ ಮೀನುಗಳು ಸಾಯುತ್ತವೆ. ಹೀಗಾಗಿಯೇ ಚೀಸ್ ಹೆಚ್ಚು ತಯಾರಿಸುವ ದೇಶಗಳಲ್ಲಿ ಇದನ್ನು ಮತ್ತೆ ಜಾನುವಾರುಗಳಿಗೇ ಕೊಡುವ ರೂಢಿ ಬೆಳೆದಿದೆ.

ಹಾಲೊಡಕಿನಲ್ಲಿ ಶೇ. 93ರಷ್ಟು ನೀರು. ಉಳಿದ ಘನಾಂಶದಲ್ಲಿ ಸುಮಾರು ಶೇ. 70ರಷ್ಟು ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಪ್ರೋಟೀನ್ ಮತ್ತು ಖನಿಜ ಸ್ವಲ್ಪ ಸ್ವಲ್ಪ. ಜಿಮ್‌ಗೆ ಹೋಗುವವರು ಕುಡಿಯುವ ವೇ ಪ್ರೋಟೀನ್ ತೆಗೆದ ಮೇಲೆ ಉಳಿಯುವುದು ಪರ್ಮಿಯೇಟ್. ಪಶು ಆಹಾರಕ್ಕೆ ಹೆಚ್ಚಾಗಿ ಬರುವುದು ಈ ಅಗ್ಗದ ಭಾಗ.

ದೊಡ್ಡ ಹಸುವಿಗೆ ಲ್ಯಾಕ್ಟೋಸ್ ಜೀರ್ಣವಾಗುತ್ತಾ ಎಂಬ ಅನುಮಾನ ಸಹಜ. ಕರುಳಿಗೆ ತಲುಪುವ ಮೊದಲೇ ಮೆಲುಕು ಹೊಟ್ಟೆಯಾದ ರೂಮೆನ್‌ನಲ್ಲಿರುವ ಸೂಕ್ಷ್ಮಾಣುಗಳು ಅದನ್ನು ಹುದುಗಿಸಿಬಿಡುತ್ತವೆ. ಆಗ ಬ್ಯುಟಿರಿಕ್ ಆಮ್ಲದ ಪ್ರಮಾಣ ಹೆಚ್ಚುತ್ತದೆ. ಇದು ರೂಮೆನ್ ಒಳಪದರಕ್ಕೆ ಶಕ್ತಿಯ ಮೂಲ.

ಇನ್ನೊಂದು ಸ್ವಾರಸ್ಯಕರ ಉತ್ಪನ್ನವೂ ಇದೆ. ಬ್ಯಾಕ್ಟೀರಿಯಾ ಬಳಸಿ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸಿ, ಅದಕ್ಕೆ ಅಮೋನಿಯಾ ಸೇರಿಸಿ, ನೀರಿನಂಶ ಇಂಗಿಸಿದರೆ ಅಮೋನಿಯಂ ಲ್ಯಾಕ್ಟೇಟ್ ಇರುವ ಗಟ್ಟಿ ದ್ರವ ಸಿಗುತ್ತದೆ. ಇದರ ಅಮೋನಿಯಾದಿಂದ ಸೂಕ್ಷ್ಮಾಣುಗಳು ಪ್ರೋಟೀನ್ ಕಟ್ಟಿಕೊಳ್ಳುತ್ತವೆ. ಲ್ಯಾಕ್ಟೇಟ್‌ನ ಒಂದು ಭಾಗ ಪ್ರೊಪಿಯೋನಿಕ್ ಆಮ್ಲವಾಗಿ, ಹಸುವಿನ ಯಕೃತ್ತಿನಲ್ಲಿ ಗ್ಲೂಕೋಸ್ ಆಗುತ್ತದೆ. ಹಾಲಿನ ಲ್ಯಾಕ್ಟೋಸ್‌ಗೆ ಬೇಕಿರುವುದೂ ಗ್ಲೂಕೋಸೇ! ಆದರೆ ರೂಮೆನ್ ಇನ್ನೂ ಬೆಳೆಯದ ಎಳೆಗರುಗಳಿಗೆ ಇದನ್ನು ಕೊಡಬಾರದು. ಕರುಗಳಿಗೆ ಹೊಂದುವುದು ವೇ ಪುಡಿ ಬೆರೆಸಿದ ಮಿಲ್ಕ್ ರಿಪ್ಲೇಸರ್. ಬರೀ ಹಾಲೊಡಕು ಹಾಲಿಗೆ ಬದಲಿ ಅಲ್ಲ, ಅದರಲ್ಲಿ ಕೊಬ್ಬೂ ಕೇಸೀನೂ ತೀರಾ ಕಡಿಮೆ.

ಅಪಾಯ ಇರುವುದು ಆತುರದಲ್ಲಿ. ಒಮ್ಮೆಲೇ ಬಕೆಟ್ ತುಂಬಾ ಇಟ್ಟರೆ ಹೊಟ್ಟೆಯುಬ್ಬರ, ಭೇದಿ, ಆಮ್ಲತೆ ಕಾಡಬಹುದು. ಎರಡು ಮೂರು ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸಬೇಕು. ಒಣಹುಲ್ಲು, ಶುದ್ಧ ನೀರು ತಪ್ಪಿಸುವಂತಿಲ್ಲ. ಹಾಲೊಡಕು ಬೇಗ ಹುಳಿಯುವುದರಿಂದ ಅಂದಿನದ್ದನ್ನು ಅಂದೇ ಕೊಡುವುದು ಒಳ್ಳೆಯದು. ಹುಳಿ ಕಬ್ಬಿಣ, ಸಿಮೆಂಟ್ ತೊಟ್ಟಿಯನ್ನೂ ತಿನ್ನುತ್ತದೆ. ಪ್ಲಾಸ್ಟಿಕ್ ಅಥವಾ ಸ್ಟೀಲ್ ತೊಟ್ಟಿ ಬಳಸಿ, ದಿನವೂ ತೊಳೆಯಿರಿ. ಶುರು ಮಾಡುವ ಮುನ್ನ ಪಶುವೈದ್ಯರನ್ನು ಕೇಳಿ.

ಹಾಲು ಕೊಡುವ ಪ್ರಾಣಿಗಳ ಆಹಾರದಲ್ಲಿ ಮಾಂಸ, ಮೂಳೆ ಪುಡಿಗೆ ಎಫ್‌ಎಸ್‌ಎಸ್‌ಎಐ ನಿಷೇಧ ಹೇರಿದ್ದರೂ ಹಾಲಿನ ಉತ್ಪನ್ನಗಳಿಗೆ ವಿನಾಯಿತಿ ಇದೆ. ನಮ್ಮಲ್ಲಿ ನಿಜವಾದ ತೊಡಕು ಸಾಗಣೆ. ಒಂದು ಕೆಜಿ ಒಣ ಆಹಾರಾಂಶಕ್ಕಾಗಿ ಸುಮಾರು 15 ಲೀಟರ್ ಹಾಲೊಡಕು ಹೊರಬೇಕು. ಪನೀರ್ ಘಟಕದ ಪಕ್ಕದಲ್ಲೇ ಕೊಟ್ಟಿಗೆ ಇರುವವರಿಗೆ ಇದು ಲಾಭ. ದೂರದವರು ಪುಡಿ ಅಥವಾ ಗಟ್ಟಿ ದ್ರವವನ್ನೇ ಕೊಳ್ಳಬೇಕು, ಅದರ ದರವನ್ನು ಮೆಕ್ಕೆಜೋಳದ ದರದ ಜೊತೆ ಹೋಲಿಸಿ ನೋಡಿಯೇ ತೀರ್ಮಾನಿಸಬೇಕು.