ಒಳಜಾಲದ ಚರಿತ್ರೆ: ಲಿನಕ್ಸ್ ಕ್ಲಸ್ಟರ್‌ಗಳ ಖಾಸಗಿ ಸಂಪರ್ಕ ಬೆಳೆದು ಬಂದ ಬಗೆ

ಅನೇಕ ಕಂಪ್ಯೂಟರ್‌ಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ ಕೂಟಕ್ಕೆ ಕ್ಲಸ್ಟರ್ ಎಂದೂ ಅದರ ಒಂದೊಂದು ಯಂತ್ರಕ್ಕೆ ನೋಡ್ ಎಂದೂ ಹೆಸರು. 1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅವರು ಇಂಟೆಲ್ 486 ಡಿಎಕ್ಸ್4 ಪ್ರೊಸೆಸರ್‌ನ 16 ನೋಡ್‌ಗಳನ್ನು ಜೋಡಿಸಿ, ಅವುಗಳಿಗೆ ಲಿನಕ್ಸ್ ಹಾಕಿ, ಬಿಯೊವುಲ್ಫ್ ಎಂಬ ಕ್ಲಸ್ಟರನ್ನು ಕಟ್ಟಿದರು. ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುತ್ತಿದ್ದ ಅಂದಿನ ಈಥರ್‌ನೆಟ್ ಆ ಪ್ರೊಸೆಸರ್‌ಗಳ ವೇಗಕ್ಕೆ ಸಾಲದೆ ಹೋದುದರಿಂದ, ಎರಡು ಈಥರ್‌ನೆಟ್ ಜಾಲಗಳನ್ನು ಒಂದೇ ದಾರಿಯಂತೆ ಬಳಸುವ 'ಚಾನೆಲ್ ಬಾಂಡಿಂಗ್' ಎಂಬ ಉಪಾಯವನ್ನು ಅವರು ಅನುಸರಿಸಿದರು. ಲಿನಕ್ಸ್‌ನ ಬಹಳಷ್ಟು ಈಥರ್‌ನೆಟ್ ಡ್ರೈವರ್‌ಗಳನ್ನು, ಅಂದರೆ ನೆಟ್‌ವರ್ಕ್ ಕಾರ್ಡನ್ನು ನಡೆಸುವ ತಂತ್ರಾಂಶಗಳನ್ನು, ಬೆಕರ್ ಅವರೇ ಬರೆದಿದ್ದರು.

ಇಂಥ ಜಾಲಕ್ಕೆ ಬೇಕಾದ ವಿಳಾಸಗಳ ವ್ಯವಸ್ಥೆಯೂ ಅದೇ ವರ್ಷ ರೂಪುಗೊಂಡಿತು. 1994ರ ಮಾರ್ಚ್‌ನಲ್ಲಿ ಪ್ರಕಟವಾಗಿ 1996ರಲ್ಲಿ ಪರಿಷ್ಕೃತವಾದ ಅಂತರಜಾಲ ನಿಯಮಾವಳಿಯು 10ರಿಂದ ಆರಂಭವಾಗುವ ವಿಳಾಸಗಳನ್ನೂ 172.16ರಿಂದ 172.31ರವರೆಗಿನ ಮತ್ತು 192.168ರ ಗುಂಪುಗಳನ್ನೂ ಖಾಸಗಿ ಬಳಕೆಗೆ ಮೀಸಲಿಟ್ಟಿತು. ಇವುಗಳಲ್ಲಿ 10 ಎಂಬುದು, ಅಂತರಜಾಲದ ಪೂರ್ವಜವಾಗಿದ್ದು 1990ರಲ್ಲಿ ಸ್ಥಗಿತಗೊಂಡ ಆರ್ಪಾನೆಟ್‌ನ ಜಾಲಸಂಖ್ಯೆಯಾಗಿತ್ತು. ಈ ವಿಳಾಸಗಳು ಅಂತರಜಾಲದಲ್ಲಿ ಚಲಾವಣೆಯಾಗದ ಕಾರಣ, ಯಾರ ಅನುಮತಿಯೂ ಇಲ್ಲದೆ ಅವುಗಳನ್ನು ಎಷ್ಟು ನೋಡ್‌ಗಳಿಗೆ ಬೇಕಾದರೂ ಹಂಚಬಹುದಾಗಿತ್ತು.

ಕ್ಲಸ್ಟರ್‌ನ ಹೆಬ್ಬಾಗಿಲಿನಂತಿದ್ದ ಮುಖ್ಯ ನೋಡ್‌ಗೆ ಎರಡು ಕಾರ್ಡ್‌ಗಳನ್ನು ಹಾಕುವುದು ರೂಢಿಗೆ ಬಂದಿತು. ಒಂದು ಕಾರ್ಡ್ ಸಂಸ್ಥೆಯ ಜಾಲಕ್ಕೂ ಇನ್ನೊಂದು ನೋಡ್‌ಗಳನ್ನು ಬೆಸೆಯುವ ಒಳಗಿನ ಸ್ವಿಚ್‌ಗೂ ಸೇರುತ್ತಿತ್ತು. 1983ರ ಬಿಎಸ್‌ಡಿ ಯೂನಿಕ್ಸ್‌ನಿಂದ ಬಂದ ಇಫ್‌ಕಾನ್ಫಿಗ್ ಆಜ್ಞೆಯ ಮೂಲಕ ಒಳಗಿನ ಕಾರ್ಡಿಗೆ 192.168.1.1 ಎಂಬಂಥ ವಿಳಾಸವನ್ನೂ, ವಿಳಾಸದ ಯಾವ ಭಾಗ ಜಾಲದ್ದು, ಯಾವುದು ಯಂತ್ರದ್ದು ಎಂದು ತಿಳಿಸುವ 255.255.255.0 ಎಂಬ ಮಾಸ್ಕನ್ನೂ ಕೊಟ್ಟು, ಎಲ್ಲ ನೋಡ್‌ಗಳ ಹೆಸರು-ವಿಳಾಸಗಳನ್ನು ಹೋಸ್ಟ್ಸ್ ಕಡತದಲ್ಲಿ ಬರೆದಿಡಲಾಗುತ್ತಿತ್ತು. ಹೊರಗಿನವರಿಗೆ ಒಳಜಾಲ ನೇರವಾಗಿ ಎಟುಕುತ್ತಿರಲಿಲ್ಲವೆಂಬ ಭರವಸೆಯಿಂದಲೇ ನೋಡ್‌ಗಳು ಪರಸ್ಪರ ಪಾಸ್‌ವರ್ಡ್ ಕೇಳದೆ ಕೆಲಸ ಒಪ್ಪಿಸಿಕೊಳ್ಳುವ ಪದ್ಧತಿಯೂ ಬೆಳೆಯಿತು.

ಆದರೆ ಈಟಿಎಚ್0, ಈಟಿಎಚ್1 ಎಂಬ ಹೆಸರುಗಳನ್ನು ಲಿನಕ್ಸ್ ತನಗೆ ಕಾರ್ಡ್‌ಗಳು ಕಂಡ ಕ್ರಮದಲ್ಲಿ ಕೊಡುತ್ತಿದ್ದುದರಿಂದ, ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಹೆಸರುಗಳು ಅದಲುಬದಲಾಗಿ, ಒಳಗಿನ ವಿಳಾಸ ಹೊರಗಿನ ಕಾರ್ಡಿಗೆ ಅಂಟಿಕೊಳ್ಳುವ ಅಪಾಯವಿತ್ತು. 2013ರಲ್ಲಿ ಸಿಸ್ಟಮ್‌ಡಿ ತಂತ್ರಾಂಶವು ಕಾರ್ಡ್ ಕುಳಿತಿರುವ ಸ್ಥಾನವನ್ನು ಆಧರಿಸಿ ಹೆಸರಿಡುವ ಕ್ರಮವನ್ನು ತಂದ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿತು. ಇಫ್‌ಕಾನ್ಫಿಗ್‌ನ ಜಾಗವನ್ನು ಅಲೆಕ್ಸಿ ಕುಜ್ನೆತ್ಸೊವ್ ರೂಪಿಸಿದ ಐಪಿ ಆಜ್ಞೆ ಕ್ರಮೇಣ ಆಕ್ರಮಿಸಿತು.

2017ರ ನವೆಂಬರ್ ವೇಳೆಗೆ ಜಗತ್ತಿನ ಅತಿವೇಗದ 500 ಕಂಪ್ಯೂಟರ್‌ಗಳೂ ಲಿನಕ್ಸ್‌ನಿಂದಲೇ ನಡೆಯುತ್ತಿದ್ದವು. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪನೆಯಾದ, 3.3 ಪೆಟಾಫ್ಲಾಪ್ ಸಾಮರ್ಥ್ಯದ 'ಪರಮ್ ಪ್ರವೇಗ'ವೂ ಇದೇ ಪರಂಪರೆಗೆ ಸೇರಿದ್ದು. ಅಗ್ಗದ ಪ್ರೊಸೆಸರ್‌ಗಳಷ್ಟೇ ಈ ಸಾಧನೆಗೆ ಕಾರಣವೆಂದು ಹೇಳುವುದು ಅರೆಸತ್ಯ. ಬಿಡಿ ಯಂತ್ರಗಳ ರಾಶಿಯನ್ನು ಒಂದೇ ಯಂತ್ರವಾಗಿಸಿದ ಶ್ರೇಯಸ್ಸಿನಲ್ಲಿ ಒಳಜಾಲಕ್ಕೂ ಸಮಪಾಲು ಸಲ್ಲಬೇಕು.