ಮನೆಕಸ ವಿಂಗಡಣೆ, ಬೆಂಗಳೂರು
ಬೆಂಗಳೂರಿನ ಮನೆಗಳಲ್ಲಿ ಕಸವನ್ನು ಮೂಲದಲ್ಲೇ ಬೇರ್ಪಡಿಸುವ ಪದ್ಧತಿ. ನಗರದ ಕಸ ತಮ್ಮೂರಿಗೆ ಬೇಡವೆಂದು ಮಾವಳ್ಳಿಪುರ, ಮಂಡೂರಿನ ಜನ ಹೋರಾಡಿದ್ದರಿಂದ 2012ರ ಬಳಿಕ ಇದಕ್ಕೆ ಬಲ ಬಂತು. ಆ ಹಳ್ಳಿಗಳು ಉಂಡ ನೋವನ್ನು ಬಿಟ್ಟು ಈ ಚರಿತ್ರೆ ಹೇಳಲಾಗದು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡಯಾಪರ್, ಬ್ಯಾಂಡೇಜಿನಂಥವು, ಚೀಲಕ್ಕೆ ಒಣ ಕಸ. ಒಣ ಕಸ ವಾರ್ಡಿನ ಸಂಗ್ರಹಣಾ ಕೇಂದ್ರದಲ್ಲಿ ಮತ್ತೆ ವಿಂಗಡಣೆಯಾಗಿ ಮರುಬಳಕೆಗೆ ಹೋಗುತ್ತದೆ. ಹಿಂದೆ ಚಿಂದಿ ಆಯುತ್ತಿದ್ದವರೇ ಇಂಥ ಹಲವು ಕೇಂದ್ರಗಳನ್ನು ನಡೆಸುತ್ತಾರೆ. ತೂಕದಲ್ಲಿ ಅರ್ಧಕ್ಕೂ ಹೆಚ್ಚು ಹಸಿ ಕಸವೇ ಆದ್ದರಿಂದ ಮನೆಯಲ್ಲೇ ಗೊಬ್ಬರ ಮಾಡುವುದು ಎಲ್ಲಕ್ಕಿಂತ ಫಲಕಾರಿ. ತೂತಿರುವ ಮಣ್ಣಿನ ಮಡಕೆಯಲ್ಲಿ ತರಕಾರಿ ಸಿಪ್ಪೆ ಹಾಕಿದಾಗಲೆಲ್ಲ ಮೇಲೆ ತೆಂಗಿನ ನಾರಿನ ಪುಡಿ ಅಥವಾ ತರಗೆಲೆ ಮುಚ್ಚಿ, ಹುಳಿ ಮಜ್ಜಿಗೆ ಚಿಮುಕಿಸಬೇಕು. ಗಾಳಿಯಾಡಿದರೆ ನಾತ ಬರದು. ಸುಮಾರು 2 ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ.